ಅಪ್‌ಡೇಟ್: ಕೆರೆ ಪಕ್ಕದ ಅಪಾರ್ಟ್‌ಮೆಂಟ್ ಕೆಲಸ ಸದ್ಯ ನಿಂತಿದೆ
ಆನೇಕಲ್ ಕಡೆಯ ನಮ್ಮೂರಲ್ಲಿ, ಕೆರೆ ಪಕ್ಕದ ರಾಗಿ ಹೊಲದಲ್ಲಿ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟ್ ಬರುತ್ತಿದೆ, ಏನು ಮಾಡೋಣ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು.

ಉತ್ತರ ಬಂತು: ಭೂ ಪರಿವರ್ತನೆ, ಅಂದರೆ ಹೊಲದಲ್ಲಿ ಮನೆ ಕಟ್ಟಲು ಒಪ್ಪಿಗೆ, ಆಗಿದೆಯಂತೆ. ಆದರೆ ಪರಿಸರ ಅನುಮತಿ ಸಿಕ್ಕಿಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಅದು ಬೇಕೇ ಬೇಕು. ಅದಿಲ್ಲದೆ ಕೆಲಸ ಶುರು ಮಾಡುವ ಹಾಗಿಲ್ಲ. ಇಲ್ಲಿ ಆಗಲೇ ಪಾಯ ತೋಡಿದ್ದಾರೆ! ಫೋಟೊ, ತಾರೀಖು ಸಮೇತ ದೂರು ಕೊಟ್ಟೆವು. ಎರಡು ವಾರದಿಂದ ಜೆಸಿಬಿ ಸುಮ್ನೆ ನಿಂತಿದೆ.

ಬೇಸರದ ವಿಷಯ ಅಂದರೆ, ಇಂಥ ಕಟ್ಟಡಗಳಿಗೆ ಜನರ ಅಹವಾಲು ಸಭೆ ಕಡ್ಡಾಯ ಅಲ್ಲ. ಅದಕ್ಕೇ ಗ್ರಾಮಸಭೆಯಲ್ಲಿ ಮಾತಾಡಿದೆವು. ಹೆಂಗಸರೇ ಜಾಸ್ತಿ ಬಂದಿದ್ದರು. ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್‌ಗೆ ಕಾಯುವವರು ಅವರೇ ಅಲ್ವಾ? "ನಮಗೇ ಬೋರಲ್ಲಿ ನೀರಿಲ್ಲ. ಅಷ್ಟು ಮನೆಗೆ ಎಲ್ಲಿಂದ ತರ್ತೀರಪ್ಪಾ? ಕೊಳಚೆ ಎಲ್ಲಿಗೆ ಬಿಡ್ತೀರಿ, ಕೆರೆಗಾ?" ಅಂತ ಒಬ್ಬರು ಅಜ್ಜಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ಹಾಗೇ ನಡಾವಳಿಯಲ್ಲಿ ಬರೆಸಿದ್ದೇವೆ.

ಮನೆಗಳೇ ಬೇಡ ಅಂತಲ್ಲ. ಎರಡು ಮೂರು ಮಹಡಿ ಆದರೆ ನಮ್ಮ ತಕರಾರಿಲ್ಲ. ಸೋಮವಾರ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಅಳೆಯಲು ಸರ್ವೆಯರ್ ಬರುತ್ತಾರೆ. ಊರವರೆಲ್ಲ ಅಲ್ಲೇ ಇರುತ್ತೇವೆ.