ಕ್ಯಾಮ್ಡನ್ ಮನೆಗಳ ವಿಡಿಯೊ ಬಗ್ಗೆ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ನಡೆದ ವಾದ

ಪುಟ್ಟು: ಎಲ್ರೂ ಈ ವಿಡಿಯೊ ನೋಡಿ, ಲಂಡನ್‌ನ ಕ್ಯಾಮ್ಡನ್ ಕೌನ್ಸಿಲ್ (ಅಲ್ಲಿನ ಸ್ಥಳೀಯ ಸರ್ಕಾರ) ಏಗರ್ ಗ್ರೋವ್ ಎಸ್ಟೇಟಲ್ಲಿ, ಅಂದ್ರೆ ತನ್ನದೇ ಮನೆಗಳ ಬಡಾವಣೆಲಿ, ಕಟ್ತಿರೋ ಪ್ಯಾಸಿವ್‌ಹೌಸ್ ಮನೆಗಳು, ಒಳಗಿನ ಶಾಖ ಹೊರಗೆ ಹೋಗದ ಹಾಗೆ ಕಟ್ಟೋವು, ಬಾಡಿಗೆಗೆ ಕೊಡೋದಂತೆ, ಹೀಟರ್ ಹಾಕೋದೇ ಅಪರೂಪ ಅಂತೆ

ದೊಡ್ಡಪ್ಪ: ನೋಡ್ದೆ. 1960ರ ದಶಕದ ಕಟ್ಟಡ, ಅದನ್ನ ಒಡೆದು ಸುಮಾರು 500 ಮನೆ ಮಾಡ್ತಾರೆ. ಕಮ್ಮಿ ಬಾಡಿಗೆ ಕೊಡೋರಿಗೆ ಮೂರು ಪದರದ ಗಾಜು, ದಪ್ಪ ಗೋಡೆ ಎಲ್ಲಾ ಬೇಕಾ? ಅದೇ ದುಡ್ಡಲ್ಲಿ ಇನ್ನೊಂದಷ್ಟು ಸಂಸಾರಕ್ಕೆ ಸೂರು ಕೊಡಬಹುದಿತ್ತು

ಸುಮಾ (ಲಂಡನ್): ದೊಡ್ಡಪ್ಪ, ಕಮ್ಮಿ ಸಂಬಳದೋರಿಗೇ ಅದು ಜಾಸ್ತಿ ಬೇಕು. ಇಲ್ಲಿ ಚಳಿಗಾಲದಲ್ಲಿ ಗ್ಯಾಸ್ ಬಿಲ್ ನೋಡಿ ಹೀಟಿಂಗ್ ಆಫ್ ಮಾಡ್ಕೊಂಡು ಒಂದೇ ರೂಮಲ್ಲಿ ಎಲ್ರೂ ಕೂತಿರ್ತಾರೆ, ಮಿಕ್ಕ ರೂಮಲ್ಲಿ ಗೋಡೆ ಬೆವರಿ ಬೂಷ್ಟು ಹಿಡಿಯುತ್ತೆ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಮಗು ಬಾಡಿಗೆ ಫ್ಲ್ಯಾಟಿನ ಬೂಷ್ಟಿನಿಂದಲೇ ತೀರ್ಕೊಂಡಿದ್ದು, ಆಮೇಲೆ ಕಾನೂನೇ ತಂದ್ರು

ಅತ್ತೆ: ಅಯ್ಯೋ ದೇವ್ರೇ

ಭಾವ: ಬೂಷ್ಟಿಗೆ ಔಷಧಿ ಗಾಳಿ. ಪ್ಯಾಸಿವ್‌ಹೌಸಲ್ಲಿ ಅಡುಗೆಮನೆ ಬಚ್ಚಲುಮನೆ ಗಾಳಿನ ಫ್ಯಾನ್ ಹೊರಗೆ ಹಾಕುತ್ತೆ, ಹೋಗೋ ಗಾಳಿಯ ಶಾಖನ ಒಳಗೆ ಬರೋ ಹೊಸ ಗಾಳಿಗೆ ದಾಟಿಸುತ್ತೆ. ಮನೆ ಬಿಸಿ ಮಾಡೋಕೆ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು ಅನ್ನೋದು ಅದರ ಲೆಕ್ಕ. ಅದನ್ನ ನಾನೂ ಒಪ್ತೀನಿ ಸುಮಾ, ಆದ್ರೆ ಒಡೆದು ಕಟ್ಟಿದ್ರೆ ಹೊಸ ಸಿಮೆಂಟು ಕಬ್ಬಿಣಕ್ಕೆ ಆಗೋ ಕಾರ್ಬನ್ ಲೆಕ್ಕ ಯಾರು ಹಾಕ್ತಾರೆ, ಹಳೇ ಕಟ್ಟಡಕ್ಕೇ ಹೊರಗಿಂದ ಹೊದಿಕೆ ಹಾಕಬಹುದಿತ್ತಲ್ಲ

ಸುಮಾ (ಲಂಡನ್): ಹೊದಿಕೆ ಅಂದ ತಕ್ಷಣ ಇಲ್ಲಿ ಜನಕ್ಕೆ 2017ರ ಗ್ರೆನ್ಫೆಲ್ ನೆನಪಾಗುತ್ತೆ ಭಾವ, ಲಂಡನ್ನಿನ ಆ ಎತ್ತರದ ಕಟ್ಟಡದ ಹೊದಿಕೆಗೇ ಬೆಂಕಿ ಹತ್ತಿ 72 ಜನ ಸತ್ರು. ಒಳ್ಳೇ ಸಾಮಾನು ಹಾಕಿದ್ರೆ ಆಗುತ್ತೆ ಗೊತ್ತು, ಎಷ್ಟೋ ಕಡೆ ಅದೇ ಸರಿ. ಆದ್ರೆ ಏಗರ್ ಗ್ರೋವಲ್ಲಿ ಹೊಸದಾಗಿ ಮನೆ ಸಂಖ್ಯೆನೂ ಹೆಚ್ಚಾಗುತ್ತೆ, ಕೌನ್ಸಿಲ್ ಮನೆಗೆ ವರ್ಷಗಟ್ಟಲೆ ಕಾಯ್ತಿರೋ ಜನ ಇದಾರೆ

ದೊಡ್ಡಪ್ಪ: ಒಡೆಯೋ ವಿಷ್ಯ ನನ್ನ ಹತ್ರ ಹೇಳ್ಬೇಡ. ನಮ್ಮ ಬೆಂಗಳೂರಿನ ಈಜಿಪುರ ಕ್ವಾರ್ಟರ್ಸ್ ಏನಾಯ್ತು? ಹಳೇ ಕಟ್ಟಡ ಬಿತ್ತು, ಹೊಸದು ಕಟ್ಟಿಕೊಡ್ತೀವಿ ಅಂದ್ರು, 2013ರ ಜನವರಿಲಿ ಜೆಸಿಬಿ ತಂದು ಶೆಡ್ಡುಗಳನ್ನೂ ಕೆಡವಿದ್ರು, ಮಕ್ಕಳು ಮರಿ ಕಟ್ಕೊಂಡು ಫುಟ್‌ಪಾತಲ್ಲಿ ಕೂತಿದ್ರು

ಸುಮಾ (ಲಂಡನ್): ಸರಿಯಾದ ಮಾತು ದೊಡ್ಡಪ್ಪ, ಲಂಡನ್ನಲ್ಲೂ ಹಾಗೇ ಆಗಿದೆ. ಸೌತ್‌ವರ್ಕ್‌ನ ಹೇಗೇಟ್ ಎಸ್ಟೇಟಲ್ಲಿ ಸಾವಿರಕ್ಕೂ ಹೆಚ್ಚು ಮನೆ ಒಡೆದ್ರು, ಅಲ್ಲಿ ಎದ್ದ ಹೊಸ ಫ್ಲ್ಯಾಟುಗಳಲ್ಲಿ ಸೋಶಿಯಲ್ ರೆಂಟಿಗೆ, ಅಂದ್ರೆ ಕಮ್ಮಿ ಬಾಡಿಗೆಗೆ, ಸಿಕ್ಕಿದ್ದು ನೂರರ ಆಸುಪಾಸು ಅಷ್ಟೇ. ಅದಕ್ಕೇ ಏಗರ್ ಗ್ರೋವ್ ನಂಗೆ ಮುಖ್ಯ ಅನ್ಸೋದು. ಮೊದಲ ಹಂತದ 38 ಮನೆ 2018ರಲ್ಲಿ ಮುಗಿಸಿ ಅಲ್ಲಿನ ಬಾಡಿಗೆದಾರರಿಗೇ ಕೊಟ್ರು, ಹೊಸ ಮನೆ ರೆಡಿ ಆದ್ಮೇಲೆ ಹಳೇದು ಖಾಲಿ, ಒಂದೇ ಸಲ ಸಾಮಾನು ಸಾಗಿಸಿದ್ರೆ ಸಾಕು ಅನ್ನೋದೇ ಪ್ಲಾನು, ಪಕ್ಕದ ಮನೆಯೋರೂ ಚದುರಿ ಹೋಗಲ್ಲ

ಪುಟ್ಟು: ಸುಮಕ್ಕ ನಾರ್ವಿಚ್‌ದೂ ಹೇಳಿ

ಸುಮಾ (ಲಂಡನ್): ಇಂಗ್ಲೆಂಡಿನ ನಾರ್ವಿಚ್ ಊರಿನ ಗೋಲ್ಡ್‌ಸ್ಮಿತ್ ಸ್ಟ್ರೀಟ್, ಅವೂ ಪ್ಯಾಸಿವ್‌ಹೌಸ್ ಮನೆಗಳೇ, 2019ರಲ್ಲಿ ಸ್ಟರ್ಲಿಂಗ್ ಅನ್ನೋ ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿ ಬಂದಿದ್ದು ಅದಕ್ಕೇ, ಅದೂ ಕೌನ್ಸಿಲ್ ಬಾಡಿಗೆ ಮನೆಗಳಿಗೆ! ಬಾಗಿಲಲ್ಲಿ ಕಾಗದ ಹಾಕೋ ಕಿಂಡಿ ಇದ್ರೆ ಅಷ್ಟರಲ್ಲೇ ಗಾಳಿ ನುಗ್ಗುತ್ತೆ ಅಂತ ಟಪಾಲು ಡಬ್ಬಿನ ಹೊರಗೆ ಪೋರ್ಚಿಗೆ ಹಾಕಿದಾರೆ. ಚಳಿಗಾಲದ ಬಿಸಿಲು ಹಿಂದಿನ ಸಾಲಿಗೂ ಬೀಳಲಿ ಅಂತ ಮಾಡಿನ ಇಳಿಜಾರನ್ನೇ ಲೆಕ್ಕ ಹಾಕಿ ಇಟ್ಟಿದಾರೆ

ಭಾವ: ಚೆನ್ನಾಗಿದೆ. ಆದ್ರೆ ಏಗರ್ ಗ್ರೋವಲ್ಲಿ ಹೆಚ್ಚುಕಮ್ಮಿ ಅರ್ಧ ಮನೆ ಮಾರಾಟಕ್ಕೆ, ಆ ದುಡ್ಡಲ್ಲೇ ಉಳಿದಿದ್ದು ಕಟ್ಟೋದು. ಮಾರ್ಕೆಟ್ ಬಿದ್ರೆ? ಸರ್ಕಾರನೇ ದುಡ್ಡು ಹಾಕ್ಬೇಕು

ಸುಮಾ (ಲಂಡನ್): ಅದಕ್ಕೆ ನನ್ ಹತ್ರ ಉತ್ತರ ಇಲ್ಲ ಭಾವ, ಅದೇ ದೊಡ್ಡ ತೊಂದ್ರೆ

ಅತ್ತೆ: ಕಟ್ಟಿದ್ಮೇಲೆ ಬಾಡಿಗೆದಾರರೇ ಕೊಂಡ್ಕೊಂಡ್ ಬಿಟ್ರೆ?

ಸುಮಾ (ಲಂಡನ್): ಅತ್ತೆ 1980ರಿಂದ ಆಗಿದ್ದು ಅದೇ, ಬಾಡಿಗೆದಾರರು ರಿಯಾಯ್ತಿ ಬೆಲೆಗೆ ಕೊಂಡ್ಕೋಬಹುದು ಅಂತ ಕಾನೂನು ಬಂದು ಕೌನ್ಸಿಲ್ ಮನೆಗಳು ಲಕ್ಷಗಟ್ಟಲೆ ಕೈ ಬಿಟ್ಟು ಹೋದ್ವು. ಸ್ಕಾಟ್‌ಲ್ಯಾಂಡು ವೇಲ್ಸು ಆ ಮಾರಾಟ ನಿಲ್ಲಿಸಿಬಿಟ್ವು, ಇಂಗ್ಲೆಂಡಲ್ಲಿ 2024ರಲ್ಲಿ ರಿಯಾಯ್ತಿ ಇಳಿಸಿದ್ರು ಅಷ್ಟೇ, ಪೂರ್ತಿ ನಿಲ್ಲಿಸಬೇಕು

ದೊಡ್ಡಪ್ಪ: ಗಾಜು ಗೋಡೆ ವಿಷ್ಯ ಬಿಟ್ಟೆ, ಮಗುವಿನ ಸುದ್ದಿ ಕೇಳಿದ್ಮೇಲೆ ದುಬಾರಿ ಅನ್ನೋಕೆ ಬಾಯಿ ಬರಲ್ಲ. ಆದ್ರೆ ಹೊಸ ಮನೆ ಕೀ ಕೈಗೆ ಬಂದ್ಮೇಲೇ ಹಳೇದು ಒಡೀಬೇಕು ಅನ್ನೋದು ಕರಾರಲ್ಲಿ ಬರೆದಿರಬೇಕು, ಇಲ್ಲಾಂದ್ರೆ ಎಂಥಾ ಮನೆ ಕಟ್ಟಿದ್ರೂ ನಾನು ಒಪ್ಪಲ್ಲ

ಭಾವ: ನಾನಿನ್ನೂ ಒಡೆಯೋದಕ್ಕೇ ಒಪ್ಪಿಲ್ಲ 🙂 ನಾಳೆ ಕಾರ್ಬನ್ ಲೆಕ್ಕ ಹಾಕಿ ಕಳಿಸ್ತೀನಿ ಸುಮಾ