ಪ್ಲಾಸ್ಟಿಕ್ ಬುರುಡೆಯೊಳಗೆ ಮಾರ್ಟಿನ್ ಹಕ್ಕಿ ಇಣುಕುತ್ತೆ, ಕಾಲಿಡಲ್ಲ. ಏನು ಮಾಡಲಿ?

ಹಿತ್ತಲಕಂಬ · ಏಪ್ರಿಲ್ 3

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇರೋದು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ದಾರಿ. ಪರ್ಪಲ್ ಮಾರ್ಟಿನ್ ಅನ್ನೋ ಹಕ್ಕಿ ಬಂದು ಗೂಡು ಕಟ್ಟಲಿ ಅಂತ ಹಿತ್ತಲಲ್ಲಿ 14 ಅಡಿ ಕಂಬ ನೆಟ್ಟು, ಸೋರೆಬುರುಡೆ ಆಕಾರದ, ಬಿಳಿ ಪ್ಲಾಸ್ಟಿಕ್ಕಿನ 12 ಬುರುಡೆ ತೂಗುಹಾಕಿ ಇದು ಮೂರನೇ ವರ್ಷ. ಇವತ್ತಿನವರೆಗೆ ಒಂದು ಮೊಟ್ಟೆ ಕಂಡಿಲ್ಲ. ತಪ್ಪು, ಗುಬ್ಬಚ್ಚಿ ಮೊಟ್ಟೆ ಬೇಕಾದಷ್ಟು ಕಂಡಿದ್ದೇನೆ. ಮಾರ್ಟಿನ್‌ದು ಒಂದೂ ಇಲ್ಲ. ಈ ಹಕ್ಕಿಗೆ ಮನೆ ಮಾಡಿಕೊಡೋರನ್ನು ಇಲ್ಲಿ ಲ್ಯಾಂಡ್‌ಲಾರ್ಡ್ ಅಂತಾರಲ್ಲ, ನಾನು ಬಾಡಿಗೆದಾರರೇ ಇಲ್ಲದ ಲ್ಯಾಂಡ್‌ಲಾರ್ಡ್. "ಟು-ಲೆಟ್ ಬೋರ್ಡ್ ಹಾಕಿ ನೋಡಿ" ಅಂತ ಮನೆಯವಳು ರೇಗಿಸುತ್ತಾಳೆ.

ಬರೋದೇ ಇಲ್ಲ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ಬರುತ್ತವೆ, ಅದೇ ಸಂಕಟ. ಫೆಬ್ರವರಿ 21ರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ. ಮೈಯೆಲ್ಲ ಕಡುನೀಲಿ ಮಿಂಚೋ ಗಂಡೊಂದು ಬಂದು 4ನೇ ನಂಬರ್ ಬುರುಡೆಯ ಜಗಲಿ ಮೇಲೆ ಕೂತಿತು. (ಬಾಯಿಯ ಮುಂದೆ ಕೂರೋಕೆ ಇರೋ ಪಟ್ಟಿಗೆ ನಾನು ಜಗಲಿ ಅಂತೀನಿ.) ತಲೆ ಒಳಗೆ ಹಾಕಿತು, ತೆಗೆಯಿತು. ಮತ್ತೆ ಹಾಕಿತು. ಭುಜದ ತನಕ ಹೋಗಿ, ಬಿಸಿ ತವೆ ಮುಟ್ಟಿದ ಹಾಗೆ ಹಿಂದಕ್ಕೆ ಸರಿದು ಹಾರಿಯೇಹೋಯಿತು. ಆಮೇಲೆ ಎರಡು ದಿನ ಇದೇ ನಾಟಕ. ಅಷ್ಟೇ.

ಬುರುಡೆಗಳ ಬಾಯಿ, ಗೂಡು ಕಸಿಯೋ ಸ್ಟಾರ್ಲಿಂಗ್ ಹಕ್ಕಿ ನುಗ್ಗದ ಹಾಗೆ ಅರ್ಧಚಂದ್ರಾಕಾರ, ಹನ್ನೆರಡಕ್ಕೂ. ಒಳಗೆ ಏನೂ ಹಾಕಿಲ್ಲ, ಅಂಗಡಿಯಿಂದ ಬಂದ ಹಾಗೇ ಇವೆ. ಕಂಬ ಮನೆಯ ಹಿಂದಿನ ಮೂಲೆಯಲ್ಲಿದೆ. ರಸ್ತೆಗೆ ಕಾಣಬಾರದು ಅಂತ ನಮ್ಮ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಮೂಲೆಗೆ ತಳ್ಳಿತು. ಪಕ್ಕದ ಮನೆಯವರ ಲೈವ್ ಓಕ್ ಮರ ಬೇಲಿಯಾಚೆಗೇ ಇದೆ.

ಪ್ಲಾಸ್ಟಿಕ್ ಬಿಟ್ಟು ನಿಜವಾದ ಸೋರೆಬುರುಡೆ ತರಲೇ? ಅಥವಾ ಇವನ್ನೇ ಹಕ್ಕಿಗೆ ಒಗ್ಗೋ ಹಾಗೆ ಮಾಡೋಕೆ ದಾರಿ ಇದೆಯಾ?

ಮಣ್ಣುಕೈ · ಏಪ್ರಿಲ್ 3

ಪೆನ್ಸಿಲ್ವೇನಿಯಾದಿಂದ ಬರೀತಿದ್ದೀನಿ. ನಮ್ಮಲ್ಲಿ ಹಕ್ಕಿ ಬರೋದೇ ಏಪ್ರಿಲ್‌ಗೆ, ಹಾಗಾಗಿ ನಿಮ್ಮ ಫೆಬ್ರವರಿ ಕಥೆ ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಕಂಬಗಳಲ್ಲಿ 24 ಬುರುಡೆ ಇವೆ, ಅರ್ಧ ಪ್ಲಾಸ್ಟಿಕ್, ಅರ್ಧ ನಿಜವಾದ ಸೋರೆಬುರುಡೆ.

ಹೊಸದು ತರೋ ಮುಂಚೆ ಒಂದು ಕೆಲಸ ಮಾಡಿ. ಮಧ್ಯಾಹ್ನ ಬಿಸಿಲಿರುವಾಗ ನಿಮ್ಮ ಫೋನಿನಲ್ಲಿ ವಿಡಿಯೋ ಆನ್ ಮಾಡಿ, ಪಕ್ಕದ ಮುಚ್ಚಳ ತೆಗೆದು 4ನೇ ಬುರುಡೆಯೊಳಗೆ ಇಟ್ಟು, ಮುಚ್ಚಳ ಹಾಕಿ ಬುರುಡೆಯನ್ನು ಕಂಬದ ಮೇಲಕ್ಕೆ ಏರಿಸಿ. ಐದು ನಿಮಿಷ ಬಿಟ್ಟು ಇಳಿಸಿ ನೋಡಿ. ಏನು ಕಾಣುತ್ತೆ ಅಂತ ನಾನು ಹೇಳಲ್ಲ, ನೀವೇ ಬರೀರಿ.

ಇನ್ನೊಂದು. ಫೆಬ್ರವರಿಯಲ್ಲಿ ಬಂದದ್ದು ನಿಮ್ಮ ಗಿರಾಕಿಯೇ ಅಲ್ಲ. ಮೊದಲು ಬರೋ ಹಕ್ಕಿಗೆ ಸ್ಕೌಟ್ ಅಂತ ಹೆಸರಿಟ್ಟಿದ್ದಾರೆ, ಹಿಂದೆ ಬರೋ ದಂಡಿಗೆ ಜಾಗ ಹುಡುಕೋಕೆ ಬಂದಿದೆ ಅನ್ನೋ ಹಾಗೆ. ಅದು ಸುಳ್ಳು. ಬ್ರೆಜಿಲ್ ಕಡೆಯಿಂದ ಮೊದಲು ವಾಪಸ್ ಬರೋವು ವಯಸ್ಸಾದ ಹಕ್ಕಿಗಳು, ಅವಕ್ಕೆ ಹಿಂದಿನ ವರ್ಷದ ಮನೆ ಎಲ್ಲಿದೆ ಅಂತ ಗೊತ್ತು, ಅಲ್ಲಿಗೇ ಹೋಗುತ್ತವೆ. ದಾರಿಯಲ್ಲಿ ನಿಮ್ಮ ಬುರುಡೆ ಇಣುಕಿದ್ದು ಬರೀ ಕುತೂಹಲ. ಹೊಸ ಕಂಬಕ್ಕೆ ಸಾಮಾನ್ಯವಾಗಿ ಸಂಸಾರ ಹೂಡೋದು ಹೋದ ವರ್ಷ ಹುಟ್ಟಿದ ಹರೆಯದ ಹಕ್ಕಿಗಳು. ಅವು ವಾರಗಟ್ಟಲೆ ತಡವಾಗಿ ಬರುತ್ತವೆ. ನಿಮ್ಮ ಕಡೆ ಈಗ ಶುರು, ಮೇ ಪೂರ್ತಿ ಬರ್ತಾನೇ ಇರುತ್ತವೆ. ಹೋದ ಎರಡು ವರ್ಷ ಯಾವಾಗ ಕೈಬಿಟ್ಟಿರಿ?

ಹಿತ್ತಲಕಂಬ · ಏಪ್ರಿಲ್ 3

ಮೇಡಂ, ಏಪ್ರಿಲ್ 15ಕ್ಕೆ. ಟ್ಯಾಕ್ಸ್ ಕಟ್ಟಿ, ಬಾಯಿಗಳಿಗೆಲ್ಲ ಬಿರಡೆ ಹಾಕಿ ಕೂತೆ.

ಮಣ್ಣುಕೈ · ಏಪ್ರಿಲ್ 3

ಅಯ್ಯೋ. ಗಿರಾಕಿ ಬರೋ ಹೊತ್ತಿಗೆ ಅಂಗಡಿ ಬಾಗಿಲು ಹಾಕಿದಿರಿ.

ಕೆರೆದಂಡಿ · ಏಪ್ರಿಲ್ 4

ಹ್ಯೂಸ್ಟನ್‌ದಿಂದ. ನೋಡ್ರಿ ಸರ, ಬುರುಡೆ ಒಳಗ ಬಂಗಾರ ಬಡದ್ರೂ ಗಿಡದ ಬಾಜೂಕ ಕಂಬ ಇದ್ರ ಆ ಹಕ್ಕಿ ಬರೂದಿಲ್ಲ. ಸ್ವಾಲೋ, ಅಂದ್ರ ಅಂಬರಗುಬ್ಬಿ ಜಾತಿ ಅದು, ಇಲ್ಲಿ ಸ್ವಾಲೋಗಳೊಳಗ ಎಲ್ಲಕ್ಕಿಂತ ದೊಡ್ಡದು. ಮ್ಯಾಲಿಂದ ಬೀಸಿಕೊಂಡು ಬಂದು ಇಳೀಬೇಕು, ಅದಕ್ಕ ಬಯಲು ಬೇಕು. ಗಿಡದಾಗ ಕೂಪರ್ಸ್ ಹಾಕ್ ಅನ್ನೂ ಗಿಡುಗ ಕುಂತು ಕಾಯ್ತಿರತೈತಿ ಅನ್ನೂದು ಅದಕ್ಕ ನಿಮಗಿಂತ ಚೊಲೋ ಗೊತ್ತೈತಿ. ಗಿಡಕ್ಕ ಕಡಿಮಿ ಅಂದ್ರೂ 40 ಅಡಿ ದೂರ ಇರ್ಲಿ, 60 ಆದ್ರ ಭಾಳ ಚೊಲೋ. ಮನಿಗೆ ಹತ್ರ ಇದ್ರ ಅಡ್ಡಿಯಿಲ್ಲ, 100 ಅಡಿ ಒಳಗಿದ್ರ ಅವಕ್ಕ ಧೈರ್ಯ. ಮನುಷ್ಯಾ ಓಡಾಡೂ ಕಡೆ ಗಿಡುಗ, ಗೂಗಿ ಕಾಟ ಕಡಿಮಿ ಅಂತ ಲೆಕ್ಕ ಹಾಕ್ಯಾವ.

ಟೇಪ್ ಹಿಡದು ಅಳೀರಿ. ಕಣ್ಣಂದಾಜು ಬ್ಯಾಡ.

ಹಿತ್ತಲಕಂಬ · ಏಪ್ರಿಲ್ 5

ಎರಡೂ ಮಾಡಿದೆ. ಎರಡರಲ್ಲೂ ಮಾನ ಹೋಯಿತು.

ಟೇಪ್ ಲೆಕ್ಕ: ಓಕ್ ಮರದ ಕೊಂಬೆಯ ತುದಿಯಿಂದ ಕಂಬಕ್ಕೆ 26 ಅಡಿ. ನಾನು ಇಷ್ಟು ದಿನ 40 ಅಂದುಕೊಂಡಿದ್ದೆ. ಅದು ಬುಡದಿಂದ ಇರಬೇಕು.

ಇನ್ನು ವಿಡಿಯೋ. ಮೇಡಂ, ಒಳಗೆ ಟ್ಯೂಬ್‌ಲೈಟ್ ಹಾಕಿದ ಹಾಗಿದೆ! ಹೊರಗಿನಿಂದ ನೋಡಿದರೆ ಬಾಯಿ ಕಪ್ಪಗೆ, ಗವಿಯ ಹಾಗೆ ಕಾಣುತ್ತೆ. ಒಳಗಿಂದ ನೋಡಿದರೆ ಗೋಡೆಯೆಲ್ಲ ಹಾಲಿನ ಬೆಳಕು, ಮೇಲೆ ತೂಗೋ ತಂತಿಯ ನೆರಳು ಕೂಡ ಪ್ಲಾಸ್ಟಿಕ್ಕಿನ ಮೂಲಕ ಗೆರೆಯಾಗಿ ಕಾಣುತ್ತೆ. ಜೊತೆಗೆ ಇನ್ನೊಂದು ಗಮನಿಸಿದೆ. ಗಾಳಿಗೆ ಬುರುಡೆ ತೂಗಿದಾಗ ಫೋನ್ ಅಲ್ಲಿಂದಿಲ್ಲಿಗೆ ಜಾರಿತು, ಹೊಸ ಸ್ಟೀಲ್ ತಟ್ಟೆಯಲ್ಲಿ ಗೋಲಿ ಜಾರಿದ ಹಾಗೆ. ಆ ಗಂಡು ಯಾಕೆ ಹಿಂದಕ್ಕೆ ಸರಿಯಿತು ಅಂತ ಈಗ ಅರ್ಥವಾಯಿತು.

ಮಣ್ಣುಕೈ · ಏಪ್ರಿಲ್ 5

ಅದನ್ನೇ ನೀವು ನೋಡಲಿ ಅಂತ ಹೇಳಿದ್ದು. ಸೋರೆಬುರುಡೆಗೂ ಪ್ಲಾಸ್ಟಿಕ್‌ಗೂ ಇರೋ ವ್ಯತ್ಯಾಸ ಅಲ್ಲೇ ಇದೆ. ಒಣಗಿದ ಸೋರೆಯ ಸಿಪ್ಪೆ ದಪ್ಪ, ಒಳಗೆ ಕತ್ತಲು, ತರಿತರಿಯಾಗಿ ಕಾಲಿಗೆ ಹಿಡಿತ ಸಿಗುತ್ತೆ. ಇಲ್ಲಿನ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಯುರೋಪಿನವರು ಇಲ್ಲಿ ಕಾಲಿಡೋ ಮುಂಚಿನಿಂದ ಈ ಹಕ್ಕಿಗೆ ಸೋರೆಬುರುಡೆ ಕಟ್ಟಿಕೊಂಡು ಬಂದವರು ಅಂತಾರೆ. ಈಗ ರಾಕಿ ಪರ್ವತದಿಂದ ಪೂರ್ವಕ್ಕೆ ಮಾರ್ಟಿನ್‌ಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯ ಕಟ್ಟಿಕೊಟ್ಟ ಗೂಡನ್ನೇ ನೆಚ್ಚಿಕೊಂಡಿವೆ, ಮರದ ಪೊಟರೆ ಮರೆತೇಹೋಗಿದೆ. ಹಾಗಂತ ಪ್ಲಾಸ್ಟಿಕ್ ಎಸೀಬೇಡಿ. ತೊಳೆಯೋಕೆ ಸುಲಭ, ಒಡೆಯಲ್ಲ, ವರ್ಷಗಟ್ಟಲೆ ಬರುತ್ತೆ. ಅದನ್ನು ಸೋರೆಯ ಹಾಗೆ ಮಾಡಬೇಕು, ಅಷ್ಟೇ.

ಬಣ್ಣದ ಕೆಲಸ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಹೊರಗೆ ಮೊದಲು ಕಪ್ಪು ಬಳಿದು, ಒಣಗಿದ ಮೇಲೆ ಅದರ ಮೇಲೆ ಬಿಳಿ. ಕಪ್ಪು ಬೆಳಕು ತಡೆಯುತ್ತೆ, ಬಿಳಿ ಬಿಸಿಲು ತಡೆಯುತ್ತೆ. ಬರೀ ಕಪ್ಪು ಬಳಿದರೆ ಟೆಕ್ಸಸ್ ಬಿಸಿಲಿಗೆ ಮರಿಗಳು ಬೆಂದುಹೋಗುತ್ತವೆ, ಆ ತಪ್ಪು ಮಾಡಬೇಡಿ. ಈಗ ಬಣ್ಣದ ವಾಸನೆ ಹೋಗೋಕೆ ಸಮಯ ಇಲ್ಲ, ಆದ್ದರಿಂದ ಮಣ್ಣು.

ಮಣ್ಣು ಹೇಗೆ ಅಂದರೆ: ಜಿಗುಟು ಮಣ್ಣನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಮೊದಲು ಒಳಗೋಡೆಯನ್ನು, ಅದರಲ್ಲೂ ಬಾಯಿಯ ಕೆಳಗಿನ ಭಾಗವನ್ನು, ಒರಟು ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ಮಣ್ಣು ಒಣಗಿದ ಕೂಡಲೇ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಒಂದು ಲೋಟ ಮಣ್ಣು ಸುರಿದು ಬುರುಡೆಯನ್ನು ತಿರುತಿರುಗಿಸಿ, ಉಳಿದದ್ದನ್ನು ಬಗ್ಗಿಸಿಬಿಡಿ. ತಳದಲ್ಲಿರೋ ನೀರು ಬಸಿಯೋ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಒಣಗಿದ ಮೇಲೆ ಒಂದು ಹಿಡಿ ಪೈನ್ ಎಲೆ ಹಾಕಿ ಮಧ್ಯೆ ಮುಷ್ಟಿಯಿಂದ ಒತ್ತಿ ಗುಳಿ ಮಾಡಿ. ಕೊನೆಗೆ ಬಾಯಿಯ ಹತ್ತಿರ, ಜಗಲಿಗೆ ತಾಗಿದ ಹಾಗೆ, ಸ್ವಲ್ಪ ಕೆಸರು ಮೆತ್ತಿ. ಮಾರ್ಟಿನ್ ತಾನೇ ಬಾಯಿಯ ಒಳಗೆ ಮಣ್ಣಿನ ಒಡ್ಡು ಕಟ್ಟುತ್ತೆ. ಅದನ್ನು ಕಂಡರೆ "ಇಲ್ಲಿ ಯಾರೋ ಬಾಳಿ ಹೋಗಿದ್ದಾರೆ" ಅನ್ನೋ ನಂಬಿಕೆ ಬರುತ್ತೆ ಅಂತ ನನ್ನ ಲೆಕ್ಕ. ಖಾಲಿ ಹೊಸ ಮನೆಗಿಂತ ಒಲೆ ಉರಿದ ಮನೆ ಅವಕ್ಕೆ ಇಷ್ಟ.

ಹನ್ನೆರಡಕ್ಕೂ ಮಾಡಬೇಡಿ. ನಾಲ್ಕಕ್ಕೆ ಮಾಡಿ, ಹಾಗೇ ಎರಡು ಬುರುಡೆಗೆ ಅರ್ಧಚಂದ್ರದ ಬದಲು 2 ಇಂಚು ಚಿಲ್ಲರೆಯ ದುಂಡು ಬಾಯಿ ಹಾಕಿ. ಅರ್ಧಚಂದ್ರದ ಎತ್ತರ 30 ಮಿಲಿಮೀಟರ್ ಅಷ್ಟೇ. ಅದಕ್ಕಿಂತ ಕೂದಲೆಳೆ ಹೆಚ್ಚಾದರೂ ಸ್ಟಾರ್ಲಿಂಗ್ ನುಗ್ಗುತ್ತೆ, ಕಡಿಮೆಯಾದರೆ ಮಾರ್ಟಿನ್‌ಗೇ ಕಷ್ಟ. ಅದರಲ್ಲಿ ಎದೆ ಉಜ್ಜಿಕೊಂಡು ತೂರೋದು ಅನುಭವವಿಲ್ಲದ ಹಕ್ಕಿಗೆ ಬರಲ್ಲ. ದುಂಡು ಬಾಯಿಯಲ್ಲಿ ಒಳಗೆ ಬಂದು ಗೂಡು ಕಟ್ಟಿ ಮೊಟ್ಟೆ ಇಟ್ಟ ಮೇಲೆ ಬಾಯಿ ಬದಲಿಸಿದರೆ ಕಲಿತುಕೊಳ್ಳುತ್ತೆ. ಅಲ್ಲಿಯವರೆಗೆ ಆ ಎರಡರ ಮೇಲೆ ನಿಮ್ಮ ಕಣ್ಣಿರಬೇಕು, ಸ್ಟಾರ್ಲಿಂಗ್ ಮನೆಯವರ ಹಾಗೆ ಬಂದುಬಿಡುತ್ತೆ.

ಹಿತ್ತಲಕಂಬ · ಏಪ್ರಿಲ್ 6

ಎಲ್ಲ ಮಾಡ್ತೀನಿ. ಕಂಬ ಕಿತ್ತು ಹುಲ್ಲಿನ ನಡುವಿಗೆ ತರೋಕೆ ಎಚ್‌ಒಎಗೆ ಅರ್ಜಿ ಹಾಕಿದ್ದೇನೆ, ಮರಕ್ಕೆ 55 ಅಡಿ ಆಗುತ್ತೆ. ಇನ್ನೊಂದು ಪ್ರಶ್ನೆ, ಕೇಳೋಕೆ ಮುಜುಗರ. ಗುಬ್ಬಚ್ಚಿ ಗೂಡು ತೆಗೀಬೇಕು ಅಂತಾರೆ. ಚಿಕ್ಕವನಿದ್ದಾಗ ನಮ್ಮ ಮನೆಯ ದೇವರ ಫೋಟೋ ಹಿಂದೆ ಗೂಡು ಕಟ್ಟಿದರೆ ಅಜ್ಜಿ ಫ್ಯಾನ್ ಹಾಕೋಕೆ ಬಿಡುತ್ತಿರಲಿಲ್ಲ. ಕೈ ಬರಲ್ಲ.

ಕೆರೆದಂಡಿ · ಏಪ್ರಿಲ್ 6

ನನಗೂ ಮೊದಲನೇ ವರ್ಷ ಕೈ ಬರಲಿಲ್ಲ. ಆಮ್ಯಾಲೆ ಒಂದಿನ ಬುರುಡಿ ಇಳಿಸಿ ನೋಡಿದ್ರ ಮಾರ್ಟಿನ್ದು ಐದು ಬಿಳಿ ತತ್ತಿ, ಐದಕ್ಕೂ ಸೂಜಿ ಚುಚ್ಚಿಧಾಂಗ ತೂತು. ಗುಬ್ಬಿ ಕೆಲಸ. ಆವತ್ತಿಂದ ಕೈ ಬಂತು. ಊರಾಗ ಅದು ಗುಬ್ಬಿ, ಇಲ್ಲಿ ಅದು 1850ರ ಸುಮಾರು ಬ್ರೂಕ್ಲಿನ್‌ನ್ಯಾಗ ತಂದು ಬಿಟ್ಟ ಹಕ್ಕಿ. ಸ್ಟಾರ್ಲಿಂಗ್ 1890ರಾಗ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನ್ಯಾಗ ಬಿಟ್ಟದ್ದು. 1918ರ ವಲಸೆ ಹಕ್ಕಿ ಕಾಯ್ದೆ ಮಾರ್ಟಿನ್ ಕಾಯತೈತಿ, ಇವೆರಡನ್ನ ಕಾಯೂದಿಲ್ಲ. ತತ್ತಿ ಇಡೂಕಿಂತ ಮುಂಚೆನ ಹುಲ್ಲು ತಗದು ಒಗೀರಿ, ವಾರಕ್ಕ ಎರಡು ಸಲ. ಹುಲ್ಲು ತಗದ್ರ ಪಾಪ ಇಲ್ಲ. ಆದ್ರ ಯಾವ ಹಕ್ಕಿದು ಅಂತ ಖಾತ್ರಿ ಮಾಡ್ಕೊಂಡು ಕೈ ಹಾಕ್ರಿ.

ಮಣ್ಣುಕೈ · ಏಪ್ರಿಲ್ 6

ಒಂದು ಮರೆತೆ. ಬೆಳಗಿನ ಜಾವ ಕತ್ತಲಲ್ಲೇ ಗಂಡು ಮಾರ್ಟಿನ್ ಮೇಲೆ ಹಾರಾಡುತ್ತಾ ಹಾಡುತ್ತೆ, ದಾರಿಹೋಕ ಹಕ್ಕಿಗಳನ್ನು ಕರೆಯೋಕೆ. ಅದರ ಧ್ವನಿಮುದ್ರಣ ಸಿಗುತ್ತೆ, 4 ಗಂಟೆಯಿಂದ ಬೆಳಕು ಹರಿಯೋವರೆಗೆ ಕಂಬದ ಬುಡದಲ್ಲಿ ಹಾಕಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ. ನಾನು ಹೇಳದೆ ಹಾಕಿ, ಪಾಪ ಅವರು ಹೊಗೆ ಅಲಾರಂ ಕೆಟ್ಟಿದೆ ಅಂತ ಮೂರು ದಿನ ಬ್ಯಾಟರಿ ಬದಲಿಸಿದರು.

ಹಿತ್ತಲಕಂಬ · ಮೇ 12

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಎಚ್‌ಒಎ ಒಪ್ಪಿಗೆ ಬರೋಕೆ ಮೂರು ವಾರ ಹಿಡಿಯಿತು. ಏಪ್ರಿಲ್ 28ಕ್ಕೆ ಕಂಬ ನಡುವಿಗೆ ಬಂತು. ಮಣ್ಣು ಬಳಿದದ್ದು 3, 4, 7, 8ಕ್ಕೆ. ದುಂಡು ಬಾಯಿ 4 ಮತ್ತು 8ಕ್ಕೆ.

ಮೇ 6ರ ಬೆಳಿಗ್ಗೆ ಎರಡು ಬಂದವು. ಗಂಡಿನ ಎದೆ ಇನ್ನೂ ಬೂದು, ಗಂಟಲ ಕೆಳಗೆ ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗೆ ಕಡುನೀಲಿ ಗರಿ. ಹೋದ ವರ್ಷದ ಮರಿಯೇ ಇರಬೇಕು. ಮಣ್ಣಿಲ್ಲದ ಬುರುಡೆಗಳಲ್ಲಿ ಒಂದೆರಡಕ್ಕೆ ಇಣುಕಿದವು, ಕೂರಲಿಲ್ಲ. 4ಕ್ಕೆ ಹೆಣ್ಣು ಸೀದಾ ಒಳಗೆ ಹೋಯಿತು. ನಾನು ಗಡಿಯಾರ ನೋಡಿದೆ, ಎರಡು ನಿಮಿಷ ಹೊರಗೆ ಬರಲಿಲ್ಲ. ಕಾಫಿ ಆರಿಹೋಯಿತು.

ನಿನ್ನೆ ಅದು ಓಕ್ ಮರದಿಂದ ಹಸಿರು ಎಲೆ ಕಿತ್ತು ಒಳಗೆ ಒಯ್ದಿತು, ಮೂರು ಸಲ. ಎಚ್‌ಒಎ ಜೊತೆ ಜಗಳಕ್ಕೆ ಕಾರಣವಾದ ಅದೇ ಮರ! ಮೇಡಂ, ಉಳಿದ ಎಂಟಕ್ಕೂ ಈಗಲೇ ಇಳಿಸಿ ಮಣ್ಣು ಬಳಿಯಲೇ? 4ರ ಬಾಯಿ ಬದಲಿಸಲೇ?

ಮಣ್ಣುಕೈ · ಮೇ 12

ಎಲೆ ತಂದರೆ ಮೊಟ್ಟೆ ದೂರವಿಲ್ಲ. ಈಗ ಏನನ್ನೂ ಮುಟ್ಟಬೇಡಿ, ಬಾಯಿಯನ್ನಂತೂ ಬೇಡವೇ ಬೇಡ. ದಿನಕ್ಕೊಂದರಂತೆ ನಾಲ್ಕೈದು ಇಡುತ್ತೆ. ಕೊನೆಯದು ಇಟ್ಟ ಮೇಲೆ ಬದಲಿಸಿ. ಕಾವು ಸುಮಾರು 16 ದಿನ, ಮರಿ ಹಾರೋಕೆ ಇನ್ನೊಂದು ನಾಲ್ಕು ವಾರ. ಉಳಿದ ಎಂಟು ಚಳಿಗಾಲಕ್ಕೆ ಇರಲಿ. ಕಂಬಕ್ಕೆ ಹಾವು ಏರದ ಹಾಗೆ ತಗಡಿನ ಕೊಳವೆ ಹಾಕಿದ್ದೀರಿ ತಾನೆ?

ಹಿತ್ತಲಕಂಬ · ಮೇ 12

ಇಲ್ಲ. ಅಂಗಡಿಗೆ ಹೊರಟೆ.