ಮಫ್ಲರ್ ಅಂಚು ಸುರುಳಿ ಸುತ್ತಿಕೊಳ್ಳುತ್ತಿದೆ, ನಿಟ್ಟಿಂಗ್ ಬಿಟ್ಟು ಕ್ರೋಶಾ ಹಿಡಿಯಲಾ?

ಉಲ್ಲನ್‌ಉಂಡೆ ಕೇಳಿದ್ದು:

ಚಳಿಗಾಲ ಮುಗಿಯಲು ಇನ್ನೂ ತುಂಬಾ ದಿನ ಇದೆ. ಸಂಜೆ ಬೇಗ ಕತ್ತಲಾಗುತ್ತದೆ, ಸುಮ್ನೆ ಫೋನ್ ತಿಕ್ಕುತ್ತಾ ಕೂರುವ ಬದಲು ಕಡ್ಡಿ ಹಿಡಿದಿದ್ದೇನೆ. ಒಂದು ಮಫ್ಲರ್ ಅರ್ಧಕ್ಕಿಂತ ಜಾಸ್ತಿ ಆಗಿದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಅಷ್ಟೇ. ಮುಂಭಾಗ ನುಣ್ಣಗೆ ಚೆನ್ನಾಗಿ ಬಂದಿದೆ, ಆದರೆ ಎರಡೂ ಬದಿಯ ಅಂಚು ಹಿಂದಕ್ಕೆ ಸುತ್ತಿಕೊಂಡು ಮಫ್ಲರ್ ಹೋಗಿ ಹಗ್ಗ ಆಗಿದೆ. ದಪ್ಪ ಪುಸ್ತಕ ಹೇರಿಟ್ಟು ನೋಡಿದೆ, ಎತ್ತಿದ ಕೂಡಲೇ ಮತ್ತೆ ಸುರುಳಿ. ಎಲ್ಲ ಬಿಚ್ಚಲೇಬೇಕಾ?

ಇನ್ನೊಂದು ವಿಷಯ. ಇದಾದ ಮೇಲೆ ಒಂದು ಟೋಪಿ, ಒಂದು ದೊಡ್ಡ ಹೊದಿಕೆ, ತಂಗಿಯ ಮಗುವಿಗೆ ಒಂದು ಸ್ವೆಟರ್ ಮಾಡುವ ಆಸೆ ಇದೆ. ಕ್ರೋಶಾ ಬೇಗ ಆಗುತ್ತದೆ ಅಂತಾರೆ, ನಿಜವಾ? ಯಾವುದಕ್ಕೆ ಯಾವುದು ಸರಿ, ಗೊತ್ತಿದ್ದವರು ಹೇಳಿ.

ಎರಡುಕಡ್ಡಿ:

ನಿಮ್ಮ ಕೈಯದೇನೂ ತಪ್ಪಿಲ್ಲ, ಆ ಹೆಣಿಗೆಯ ಗುಣವೇ ಅದು. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹಾಕಿದರೆ ಮುಂದೆಲ್ಲ ಒಂದೇ ತರಹದ ಕುಣಿಕೆ, ಹಿಂದೆಲ್ಲ ಉಬ್ಬು. ಎರಡು ಮುಖದ ಎಳೆತ ಸಮ ಇರುವುದಿಲ್ಲ, ಅದಕ್ಕೇ ಬದಿಗಳು ಹಿಂದಕ್ಕೆ ಮಡಚುತ್ತವೆ, ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ ಮಡಚುತ್ತವೆ. ಪುಸ್ತಕ ಇಟ್ಟರೂ ಇಸ್ತ್ರಿ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆ ಹತ್ತಿರಕ್ಕೂ ತರಬೇಡಿ, ದಾರ ಚಪ್ಪಟೆಯಾಗಿ ಜೀವ ಹೋದ ಹಾಗೆ ಆಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮಫ್ಲರ್‌ಗೆ ಎರಡೂ ಮುಖ ಸಮ ಇರುವ ಹೆಣಿಗೆ ಬೇಕು. ಎಲ್ಲ ಸಾಲೂ ಸೀದಾ ಹಾಕಬಹುದು, ಇಲ್ಲ ಒಂದೇ ಸಾಲಿನಲ್ಲಿ 2 ಕುಣಿಕೆ ಸೀದಾ 2 ಉಲ್ಟಾ ಅಂತ ರಿಬ್ (ಉದ್ದಕ್ಕೆ ಉಬ್ಬುತಗ್ಗಿನ ಗೆರೆ ಬರುವ ಹೆಣಿಗೆ) ಹಾಕಬಹುದು. ಇವು ಸುತ್ತಿಕೊಳ್ಳುವುದಿಲ್ಲ.

ಬಿಚ್ಚದೆ ಸರಿ ಮಾಡುವ ದಾರಿ ಒಂದಿದೆ, ತಾಳ್ಮೆ ಇದ್ದರೆ ಮಾತ್ರ. ಕಡ್ಡಿಯ ಮೇಲಿರುವ ಒಂದು ಕುಣಿಕೆಯನ್ನು ಬೇಕಂತಲೇ ಜಾರಿಸಿ, ಅದು ಏಣಿಯ ಹಾಗೆ ಕೆಳಗಿನವರೆಗೆ ಬಿಚ್ಚಿಕೊಂಡು ಹೋಗಲಿ. ಮೊದಲ ಸಾಲಿನ ಹತ್ತಿರ ನಿಲ್ಲಿಸಿ. ಆಮೇಲೆ ಬಟ್ಟೆ ತಿರುಗಿಸಿ, ಹಿಂದಿನ ಬದಿಯಿಂದ ಕ್ರೋಶಾ ಹುಕ್‌ನಲ್ಲಿ ಒಂದೊಂದೇ ಮೆಟ್ಟಿಲನ್ನು ಕುಣಿಕೆಯೊಳಗಿಂದ ಎಳೆದುಕೊಂಡು ಮೇಲಕ್ಕೆ ಬನ್ನಿ. ಆ ಒಂದು ಗೆರೆ ಮಾತ್ರ ಮುಂದಿನಿಂದ ನೋಡಿದರೆ ಉಲ್ಟಾ ಕಾಣುತ್ತದೆ. ಪ್ರತಿ ಮೂರನೇ ಗೆರೆಗೆ ಹೀಗೆ ಮಾಡಿದರೆ ಇಡೀ ಮಫ್ಲರ್ ರಿಬ್ ಆಗಿಬಿಡುತ್ತದೆ. ಅಗಲ ಕಡಿಮೆಯಾಗುತ್ತದೆ, ಆದರೆ ದಪ್ಪಗೆ, ಬೆಚ್ಚಗೆ ಇರುತ್ತದೆ.

ಅಷ್ಟು ಬೇಡ ಅನಿಸಿದರೆ ಉದ್ದಕ್ಕೆ ಎರಡು ಅಂಚು ಸೇರಿಸಿ ಕೊಳವೆ ತರಹ ಹೊಲಿದುಬಿಡಿ. ಸುತ್ತಿಕೊಳ್ಳಲು ಅಂಚೇ ಇರುವುದಿಲ್ಲ!

ಹುಕ್ಕೊಂದೇಸಾಕು:

ಏಣಿ ಇಳಿಸಿ ಹತ್ತಿಸುವುದು ಓದುವಾಗಲೇ ನನಗೆ ಸುಸ್ತಾಯಿತು. ಕೊಳವೆ ಉಪಾಯ ಒಳ್ಳೆಯದು.

ಕ್ರೋಶಾ ಬೇಗ ಆಗುತ್ತದೆ, ಹೌದು. ಒಂದೊಂದು ಹೊಲಿಗೆಯೂ ಎತ್ತರ ಇರುತ್ತದೆ. ಆದರೆ ಅಷ್ಟೇ ಅಳತೆಗೆ ದಾರ ಜಾಸ್ತಿ ತಿನ್ನುತ್ತದೆ, ಬಟ್ಟೆ ದಪ್ಪಗೆ ಬರುತ್ತದೆ, ಎಳೆದರೆ ನಿಟ್ಟಿಂಗ್‌ನಷ್ಟು ಹಿಗ್ಗುವುದಿಲ್ಲ. ಹಾಗಾಗಿ ಹೊದಿಕೆ ಕ್ರೋಶಾದಲ್ಲೇ ಮಾಡಿ. ಹುಕ್‌ನಲ್ಲಿ ಒಂದೇ ಕುಣಿಕೆ ಇರುವುದರಿಂದ ಹೊದಿಕೆ ಎಷ್ಟೇ ದೊಡ್ಡದಾದರೂ ಭಾರ ಕೈ ಮೇಲೆ ಬೀಳುವುದಿಲ್ಲ, ತೊಡೆ ಮೇಲೆ ಹರಡಿಕೊಂಡು ಮಾಡುತ್ತಾ ಹೋದರೆ ಅರ್ಧ ಆಗುವಷ್ಟರಲ್ಲಿ ಅದೇ ನಿಮ್ಮನ್ನು ಬೆಚ್ಚಗಿಡುತ್ತದೆ. ಕೈ ತಪ್ಪಿದರೂ ಬಿಚ್ಚುವುದು ಒಂದೇ ಕುಣಿಕೆ, ನಿಟ್ಟಿಂಗ್‌ನ ಹಾಗೆ ಕಡ್ಡಿ ಜಾರಿ ಸಾಲುಗಟ್ಟಲೆ ಓಡಿಹೋಗುವ ಭಯ ಇಲ್ಲ.

ಒಂದು ಕಡೆ ಮಾತ್ರ ಹುಷಾರು. ಚೌಕವಾಗಿ ಶುರುವಾದ ಹೊದಿಕೆ ಮೇಲೆ ಹೋದ ಹಾಗೆ ಕಿರಿದಾಗುತ್ತಾ ಬಂತು ಅಂತ ತುಂಬಾ ಜನ ಹೇಳುವುದನ್ನು ಕೇಳಿದ್ದೇನೆ. ಸಾಲಿನ ಶುರುವಿನಲ್ಲಿ 3 ಸರಪಳಿ ಹಾಕಿ ತಿರುಗಿಸುತ್ತೀರಲ್ವಾ, ಅದನ್ನೇ ಮೊದಲ ಹೊಲಿಗೆ ಅಂತ ಎಣಿಸುವ ವಿನ್ಯಾಸವಾದರೆ ಮುಂದಿನ ಸಾಲಿನ ಕೊನೆಯ ಹೊಲಿಗೆ ಆ ಸರಪಳಿಯ ತುದಿಯಲ್ಲಿ ಬೀಳಬೇಕು. ಅದು ಹೊಲಿಗೆಯ ಹಾಗೆ ಕಾಣುವುದೇ ಇಲ್ಲ, ಕಣ್ಣು ತಪ್ಪುತ್ತದೆ. ಸರಪಳಿಯ ಮೂರನೇ ಕುಣಿಕೆಗೆ ಬೇರೆ ಬಣ್ಣದ ದಾರದ ತುಂಡೋ ಸೇಫ್ಟಿ ಪಿನ್ನೋ ಸಿಕ್ಕಿಸಿಟ್ಟರೆ ಅಂಚು ನೇರ ಬರುತ್ತದೆ.

ಎರಡುಕಡ್ಡಿ:

ಹೊದಿಕೆ ವಿಷಯ ಒಪ್ಪಿದೆ. ಆದರೂ ವೃತ್ತಾಕಾರದ ಕಡ್ಡಿ (ಎರಡು ಕಡ್ಡಿಗಳನ್ನು ಬಾಗುವ ತಂತಿಯಿಂದ ಸೇರಿಸಿದ್ದು) ತಗೊಂಡರೆ ನಿಟ್ಟಿಂಗ್‌ನಲ್ಲೂ ಭಾರ ತೊಡೆ ಮೇಲೇ ಇರುತ್ತದೆ ಸ್ವಾಮಿ, ಅದನ್ನು ಬೇಕಂತಲೇ ಬಿಟ್ಟಿರಿ! ಟೋಪಿ ಮಾತ್ರ ನಿಟ್ಟಿಂಗ್‌ನಲ್ಲಿ, ರಿಬ್‌ನಲ್ಲೇ ಆಗಬೇಕು. ಟೋಪಿಯ ಸುತ್ತಳತೆ ತಲೆಗಿಂತ 3ರಿಂದ 5 ಸೆಂ.ಮೀ. ಕಡಿಮೆ ಇರಲಿ. ಹಿಗ್ಗಿ ಹಿಡಿದುಕೊಂಡರೇ ಕಿವಿಗೆ ಗಾಳಿ ನುಗ್ಗುವುದಿಲ್ಲ.

ಬೆಚ್ಚನೆಯಗೂಡು:

ಮಗುವಿನ ಸ್ವೆಟರ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಮೊದಲು ಕೇಳಬೇಕಾದ್ದು ಅದನ್ನು ಒಗೆಯುವವರು ಯಾರು ಅಂತ. ಮಾಮೂಲಿ ಉಣ್ಣೆ ಬಿಸಿ ನೀರಲ್ಲಿ ತಿರುವಿ ಒಗೆದರೆ ಎಳೆಗಳ ಮೇಲಿನ ಸಣ್ಣ ಸಣ್ಣ ಪೊರೆ ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗಿ ದಪ್ಪ ಕಂಬಳಿಯ ಹಾಗಾಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಎಳೆಮಗುವಿನ ತಾಯಿಗೆ ತಣ್ಣೀರಲ್ಲಿ ಕೈಯಲ್ಲಿ ಒಗೆದು, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆಲದ ಮೇಲೆ ಹರಡಿ ಒಣಗಿಸು ಅಂತ ಹೇಳುವುದು ಉಡುಗೊರೆ ಅಲ್ಲ, ಶಿಕ್ಷೆ. ಮಷೀನ್‌ಗೆ ಹಾಕಬಹುದಾದ ಸೂಪರ್‌ವಾಶ್ ಉಣ್ಣೆ ಇಲ್ಲವೇ ಮೆತ್ತನೆಯ ಅಕ್ರಿಲಿಕ್ ತಗೊಳ್ಳಿ. ಬೆರಳು ಸಿಕ್ಕಿಕೊಳ್ಳುವಂಥ ತೂತಿನ ವಿನ್ಯಾಸ ಬೇಡ.

ನಿಮ್ಮ ಟೋಪಿ, ಮಫ್ಲರ್‌ಗಾದರೆ ಉಣ್ಣೆಯೇ ಮೇಲು. ಅದು ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ಅಕ್ರಿಲಿಕ್‌ನಲ್ಲಿ ಬೆವರಿದರೆ ಚಳಿ ಇನ್ನೂ ಜಾಸ್ತಿ.

ಉಲ್ಲನ್‌ಉಂಡೆ:

ಎಲ್ಲರಿಗೂ ಥ್ಯಾಂಕ್ಸ್. ಕೊಳವೆ ಹೊಲಿಯುವುದು ಅಂತ ತೀರ್ಮಾನ ಆಯಿತು. ಒಂದೇ ಒಂದು ಅನುಮಾನ. ಸ್ವೆಟರ್ ಶುರು ಮಾಡುವ ಮುಂಚೆ 10 ಸೆಂ.ಮೀ. ಚೌಕದ ಮಾದರಿ ತುಂಡು ಹಾಕಿ ಅಳೆಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಿಜಕ್ಕೂ ಹಾಕಬೇಕಾ, ಸುಮ್ನೆ ಶಾಸ್ತ್ರಕ್ಕಾ?

ಎರಡುಕಡ್ಡಿ:

ಮಫ್ಲರ್, ಹೊದಿಕೆಗೆ ಬೇಡ. ಸ್ವೆಟರ್‌ಗೆ ಹಾಕಲೇಬೇಕು. ಲೆಕ್ಕ ನೋಡಿ. ವಿನ್ಯಾಸದಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಅಂತ ಇದೆ, ನಿಮ್ಮ ಕೈ ಬಿಗಿ, 22 ಬರುತ್ತಿದೆ ಅಂತಿಟ್ಟುಕೊಳ್ಳಿ. 100 ಕುಣಿಕೆ ಹಾಕಿದರೆ 50 ಸೆಂ.ಮೀ. ಆಗಬೇಕಾದ್ದು 45 ಚಿಲ್ಲರೆ ಆಗುತ್ತದೆ. ಮಗುವಿನ ಸ್ವೆಟರ್ ತಲೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. 22 ಬಂದರೆ ಒಂದು ಸೈಜ್ ದಪ್ಪ ಕಡ್ಡಿ ಹಿಡಿದು ಮತ್ತೊಂದು ತುಂಡು ಹಾಕಿ. ಹಾಗೇ ಅಳೆಯಬೇಡಿ, ಒಗೆದು ಒಣಗಿಸಿ ಅಳೆಯಿರಿ, ಅದರಲ್ಲೂ ಸೂಪರ್‌ವಾಶ್ ಒಗೆದ ಮೇಲೆ ಚೆನ್ನಾಗಿಯೇ ಹಿಗ್ಗುತ್ತದೆ.

ಹುಕ್ಕೊಂದೇಸಾಕು:

ದಾರ ಒಂದೇ ಸಲ ತಗೊಳ್ಳಿ, ಉಂಡೆಗೆ ಸುತ್ತಿದ ಪಟ್ಟಿಯ ಮೇಲಿನ ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರಕ್ಕೆ ಕೊಡುವ ನಂಬರ್) ಎಲ್ಲ ಉಂಡೆಯದೂ ಒಂದೇ ಇರಲಿ. ಬೇರೆ ಬಂದರೆ ಕೊನೆಗೆ ಉಳಿಸಬೇಡಿ, ಎರಡು ಸಾಲು ಹಳೆಯದು ಎರಡು ಸಾಲು ಹೊಸದು ಅಂತ ಮೊದಲಿನಿಂದಲೇ ಬೆರೆಸುತ್ತಾ ಹೋಗಿ, ಗೊತ್ತಾಗುವುದಿಲ್ಲ.